ಮಂಗಳವಾರ ಮೂಡುಬಿದಿರೆಗೆ

ಜಲಜಾಕ್ಷಿಗೆ ಗಂಡನ ಮೇಲೆ ಸಂಶಯ ಹುಟ್ಟಿದ್ದು ಅವನು ಪ್ಯಾಂಟು ಹೊಲಿಸಿಕೊಂಡ ದಿನ.

ಸುಧಾಕರನಿಗೆ ಐವತ್ತೊಂದು ನಡೆಯುತ್ತಿತ್ತು. ಮದುವೆಯ ಮರುದಿನದಿಂದ ಅವಳು ಅವನನ್ನು ಬಿಳಿ ಮುಂಡಿನಲ್ಲಲ್ಲದೆ ಕಂಡವಳಲ್ಲ. ಕಲ್ಲಡ್ಕದಲ್ಲಿ ಹೆದ್ದಾರಿಯ ಬದಿಗೆ ಅವನದೊಂದು ಹೋಟೆಲು. ಗಲ್ಲಾದಲ್ಲಿ ಕೂತು ಬೆಲ್ ಒತ್ತುವ ಧಣಿಯಲ್ಲ ಅವನು. ಚಹಾ ಎರೆಯುವ ಜಾಗ ಅವನದು. ಗಾಜಿನ ಲೋಟದಲ್ಲಿ ಕೆಳಗೆ ಹಾಲು, ಮೇಲೆ ಕಪ್ಪು ಡಿಕಾಕ್ಷನ್ನು, ನಡುವೆ ಗೆರೆ ಎಳೆದ ಹಾಗೆ ನಿಲ್ಲುವ ಆ ಚಹಾಕ್ಕೆಂದೇ ಪುತ್ತೂರಿನ ಬಸ್ಸಿನಿಂದ ಜನ ಇಳಿಯುತ್ತಿದ್ದರು. ಅಂಥವನು 2004ರ ಜನವರಿಯಲ್ಲಿ ಒಂದು ಸಂಜೆ ಬಿ.ಸಿ.ರೋಡಿನ ದರ್ಜಿಯಿಂದ ಎರಡು ಕಂದು ಪ್ಯಾಂಟು ತಂದು ಮಂಚದ ಮೇಲಿಟ್ಟ.

“ಯಾರಿಗೆ ಇದು?”

“ನನಗೆ. ಮತ್ತೆ ಯಾರಿಗೆ?”

“ಎಂತ, ಪುನಃ ಮದುಮಗ ಆಗುವ ಅಂದಾಜುಂಟಾ?”

“ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವವನಿಗೆ ಮುಂಡು ಆಗುದಿಲ್ಲ ಮಾರಾಯ್ತಿ.”

“ಬಸ್ಸು ಯಾಕೆ? ಸ್ಕೂಟರಿಗೆ ಎಂತಾಗಿದೆ?”

“ಬ್ರೇಕ್ ಸರಿ ಇಲ್ಲ.”

ಸ್ಕೂಟರಿನ ಬ್ರೇಕು ಸರಿಯಾಗಿಯೇ ಇತ್ತು. ಮರುದಿನ ಮಗಳು ಸಾತ್ವಿಕಾ ಅಂಗಳದಲ್ಲಿ ಎರಡು ಸುತ್ತು ಹೊಡೆದು ಬಂದು ಹೇಳಿದಳು: “ಅಮ್ಮಾ, ಒತ್ತಿದಲ್ಲಿಗೆ ನಿಲ್ತದೆ. ಅಪ್ಪ ಸುಳ್ಳು ಹೇಳ್ತಾರೆ.”

ಅಲ್ಲಿಂದ ಜಲಜಾಕ್ಷಿ ಒಂದೊಂದೇ ನೋಡತೊಡಗಿದಳು. ನೋಡಲು ಹೊರಟವಳಿಗೆ ಸಿಕ್ಕುವುದಕ್ಕೇನು ಬರವೆ? ಬಾವಿಕಟ್ಟೆಗೆ ಕನ್ನಡಿ ಸಿಕ್ಕಿಸಿ ತಾನೇ ಗಡ್ಡ ಕೆರೆದುಕೊಳ್ಳುತ್ತಿದ್ದವನು ಈಗ ಎರಡು ದಿನಕ್ಕೊಮ್ಮೆ ಕ್ಷೌರದಂಗಡಿಗೆ ಹೋಗಿ ನುಣ್ಣಗಾಗಿ ಬರುತ್ತಿದ್ದ. ನಡೆಯುವಾಗ ಬಲಗೈ ಸದಾ ಪ್ಯಾಂಟಿನ ಕಿಸೆಯೊಳಗೆ, ಸಿನೆಮಾದ ಹುಡುಗರ ಹಾಗೆ. ಎಲ್ಲಕ್ಕಿಂತ ದೊಡ್ಡದು ಊಟ. ಎಷ್ಟು ತಡವಾದರೂ ನರಿಕೊಂಬಿನ ಮನೆಗೆ ಬಂದೇ ಉಣ್ಣುತ್ತಿದ್ದ ಮನುಷ್ಯ, “ಹೋಟೆಲಿನಲ್ಲೇ ಆಯ್ತು” ಎಂದು ಕಾಲು ತೊಳೆದು ಒಳಗೆ ಹೋಗಿಬಿಡುತ್ತಿದ್ದ.

ಒಂದು ಭಾನುವಾರ ಅವಳು ಪಾಣೆಮಂಗಳೂರಿನಿಂದ ಬಂಗುಡೆ ಮೀನು ತರಿಸಿ ಹುಳಿಖಾರದ ಪುಳಿಮುಂಚಿ ಮಾಡಿದಳು. ವಾಸನೆಗೆ ನೆರೆಮನೆಯ ಬೆಕ್ಕೂ ಬಂದು ಕೂತಿತ್ತು. ಸುಧಾಕರ ಒಳಕೋಣೆಯಿಂದ ಎದ್ದು ಬರಲಿಲ್ಲ.

“ನನಗೆ ಹಸಿವಿಲ್ಲ. ನೀವು ಉಣ್ಣಿ.”

ಅತ್ತೆ ನೀಲಾವತಿ ಮಣೆಯ ಮೇಲಿಂದಲೇ ಶುರು ಮಾಡಿದರು. ಎಪ್ಪತ್ತೆರಡು ದಾಟಿದರೂ ಆ ಮನೆಯ ಉಪ್ಪು ಹುಳಿ ಅವರ ಲೆಕ್ಕದಲ್ಲೇ ನಡೆಯಬೇಕು. “ನನ್ನ ಮಗನಿಗೆ ಹಸಿವಿಲ್ಲದ ದಿನ ಇರಲಿಲ್ಲ. ನಿನ್ನ ಅಡುಗೆ ಸೇರುದಿಲ್ಲ ಅವನಿಗೆ.”

“ಇಪ್ಪತ್ತೆರಡು ವರ್ಷ ಸೇರಿದ್ದು ಈಗ ಯಾಕೆ ಸೇರುದಿಲ್ಲ ಅತ್ತೆ?”

“ಅದನ್ನೇ ನಾನು ಕೇಳುವುದು. ನೀನು ಎಂತ ಮಾತಾಡಿದೆ ಅವನ ಹತ್ತಿರ?”

“ನನ್ನ ಹತ್ತಿರ ಮಾತಾಡುವವರು ಯಾರುಂಟು ಈ ಮನೆಯಲ್ಲಿ? ಬೇರೆ ಕಡೆ ಹೊಟ್ಟೆ ತುಂಬಿದವರಿಗೆ ಇಲ್ಲಿ ಹಸಿವು ಎಲ್ಲಿಂದ ಬರಬೇಕು?”

ಅದನ್ನು ಒಳಕೋಣೆಗೆ ಕೇಳಲೆಂದೇ ಹೇಳಿದ್ದು. ಸಾತ್ವಿಕಾ ತಟ್ಟೆ ಎತ್ತಿಕೊಂಡು ಜಗಲಿಗೆ ಹೋದಳು.

ಸಾತ್ವಿಕಾ ಮೂಡುಬಿದಿರೆಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋದರೆ ಸಂಜೆ ಐದಕ್ಕೆ ಮನೆ. ಫೆಬ್ರವರಿಯ ಮೊದಲ ಮಂಗಳವಾರ ಅವಳು ಬಂದವಳೇ ಚೀಲ ಕೆಳಗಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಅಮ್ಮ, ಇವತ್ತು ಅಪ್ಪ ಮೂಡುಬಿದಿರೆಗೆ ಬಂದಿದ್ರಾ?”

“ಇಲ್ಲವಲ್ಲ. ಯಾಕೆ?”

“ನಾನು ಮಧ್ಯಾಹ್ನ ಜೆರಾಕ್ಸ್ ಮಾಡಿಸ್ಲಿಕ್ಕೆ ಬಸ್‌ಸ್ಟ್ಯಾಂಡಿಗೆ ಬಂದಿದ್ದೆ. ಅಪ್ಪನ ಹಾಗೆಯೇ ಒಬ್ಬರು ಬಸ್ಸು ಹತ್ತಿದ್ರು. ಕರೆದೆ. ಕೇಳಲಿಲ್ಲ.” ಸ್ವಲ್ಪ ತಡೆದು ಸೇರಿಸಿದಳು, “ಹೋದ ಮಂಗಳವಾರವೂ ನಮ್ಮ ಕ್ಲಾಸಿನವಳು ನೋಡಿದ್ದಾಳಂತೆ.”

ಆ ರಾತ್ರಿ ಜಲಜಾಕ್ಷಿ ಏನೂ ಕೇಳಲಿಲ್ಲ. ಬೆಳಿಗ್ಗೆ ಒಗೆಯುವ ಮೊದಲು ಅವನ ಅಂಗಿಯ ಕಿಸೆ ಹುಡುಕಿದಳು. ಬಸ್ಸಿನ ಎರಡು ಟಿಕೆಟು, ಮಡಚಿದ ಒಂದು ಚೀಟಿ. ಚೀಟಿಯಲ್ಲಿ ಹೆಂಗಸಿನ ದುಂಡು ಅಕ್ಷರ: ರಾಫಿಯಾ, ಮಂಗಳವಾರ ಹನ್ನೊಂದೂವರೆ. ಕೆಳಗೆ ಫೋನ್ ನಂಬರು.

ಅವಳು ಮುಂದಿನ ಮಂಗಳವಾರಕ್ಕೆ ಕಾದಳು. ಹನ್ನೆರಡಕ್ಕೆ ಕಲ್ಲಡ್ಕದ ಹೋಟೆಲಿಗೆ ಹೋದರೆ, ಚಹಾ ಎರೆಯುವ ಜಾಗದಲ್ಲಿ ನಿಂತದ್ದು ಕೆಲಸದ ತುಕ್ರಪ್ಪ. ಧಣಿಯ ಹೆಂಡತಿಯನ್ನು ಕಂಡು ಅವನು ಲೋಟ ಕೆಳಗಿಟ್ಟ.

“ಇವರೆಲ್ಲಿ?”

“ಅವರು... ಸಾಮಾನು ತರ್ಲಿಕ್ಕೆ ಹೋಗಿದ್ದಾರೆ ಅಮ್ಮ.”

“ಯಾವ ಕಡೆ?”

“ಅದು ನನಗೆ ಗೊತ್ತಿಲ್ಲ. ಕೂತುಕೊಳ್ಳಿ, ಚಹಾ ಕೊಡ್ತೇನೆ.”

“ಎಷ್ಟು ದಿನವಾಯ್ತು ನೀನು ಈ ಜಾಗದಲ್ಲಿ ನಿಂತು?”

ತುಕ್ರಪ್ಪ ಒದ್ದೆ ಬಟ್ಟೆಯಿಂದ ಒರೆಸಿದ್ದನ್ನೇ ಒರೆಸಿದ. “ನನ್ನನ್ನು ಕೇಳಬೇಡಿ ಅಮ್ಮ. ಅವರನ್ನೇ ಕೇಳಿ.”

ಇವನಿಗೂ ಗೊತ್ತುಂಟು, ನನಗೊಬ್ಬಳಿಗೆ ಮಾತ್ರ ಗೊತ್ತಿಲ್ಲ ಎಂದುಕೊಂಡು ಅವಳು ಎದುರಿನ ಎಸ್‌ಟಿಡಿ ಬೂತಿಗೆ ನಡೆದು ಚೀಟಿಯ ನಂಬರು ಒತ್ತಿದಳು. ಎತ್ತಿದ್ದು ಒಬ್ಬ ಮುದುಕಿ. ಸ್ವರ ತಗ್ಗಿಸಿ, ಬ್ಯಾರಿ ಮುಸ್ಲಿಮರ ಮಾತಿನ ಎಳೆತದಲ್ಲಿ ಹೇಳಿದಳು: “ಈಗ ರಾಫಿಯಾ ಬರ್ಲಿಕ್ಕೆ ಆಗುದಿಲ್ಲ. ಒಳಗೆ ಒಬ್ಬರು ಮಲಗಿದ್ದಾರೆ. ಅವರು ಎದ್ದು ಹೋದ ಮೇಲೆ ಮಾಡಿ.”

ಜಲಜಾಕ್ಷಿ ಫೋನು ಇಟ್ಟಳು. ಬೂತಿನ ಬಾಗಿಲು ಎಳೆಯಬೇಕೋ ದೂಡಬೇಕೋ ಅವಳಿಗೆ ತಿಳಿಯಲಿಲ್ಲ.

ಯಾರಿಗೆ ಹೇಳುವುದು? ಅತ್ತೆಗೆ ಹೇಳಿದರೆ ತಪ್ಪು ತನ್ನ ತಲೆಗೇ ಬರುತ್ತದೆ. ಬೆಳ್ತಂಗಡಿಯ ಅಣ್ಣ ಜತ್ತಪ್ಪನಿಗೆ ಫೋನು ಮಾಡಿ ಹೇಳಿದಳು. ಅವನು ರಸ್ತೆಯ ಕಂಟ್ರಾಕ್ಟು ಮಾಡುವವನು. ಜೀಪು, ನಾಲ್ಕು ಹುಡುಗರು, ದೊಡ್ಡ ಗಂಟಲು. ಎಲ್ಲ ಕೇಳಿ ಅವನು ಒಂದೇ ಪ್ರಶ್ನೆ ಹಾಕಿದ.

“ಹೆಸರು ಎಂತ ಹೇಳಿದೆ?”

“ರಾಫಿಯಾ.”

ಆಚೆಯಿಂದ ಬಾಗಿಲು ಎಳೆದುಕೊಂಡ ಸದ್ದು ಬಂತು. ಆಮೇಲೆ, “ಮಂಗಳವಾರ ಅಂದೆಯಲ್ಲ? ನೀನು ಭಾವನ ಹತ್ತಿರ ಎಂತದೂ ಮಾತಾಡಬೇಡ. ಸುಮ್ಮನಿರು. ಇನ್ನು ಇದನ್ನು ನಾವು ನೋಡಿಕೊಳ್ತೇವೆ.”

“ನಾವು ಅಂದ್ರೆ ಯಾರು ಅಣ್ಣ?”

“ನಾವು ಅಂದ್ರೆ ನಾವು.”

ಫೋನಿಟ್ಟ ಮೇಲೆ ಅವಳಿಗೆ ಹೊಸದೊಂದು ಹೆದರಿಕೆ ಹತ್ತಿಕೊಂಡಿತು. ಹಿಂದಿನ ವರ್ಷ ಬಸ್ಸಿನಲ್ಲಿ ಒಟ್ಟಿಗೆ ಕೂತ ಇಬ್ಬರನ್ನು, ಅವನ ಹೆಸರು ಒಂದು ಮತದ್ದು, ಅವಳ ಹೆಸರು ಇನ್ನೊಂದರದ್ದು ಎಂದು ಕೆಳಗಿಳಿಸಿ ಹೊಡೆದದ್ದನ್ನು ಅವಳೇ ಬಿ.ಸಿ.ರೋಡಿನಲ್ಲಿ ಕಂಡಿದ್ದಳು. ಗಂಡನ ಮೇಲಿನ ಸಿಟ್ಟು ಇಳಿಯಲಿಲ್ಲ. ಆದರೆ ಅವನ ತಲೆ ಒಡೆಯಲೆಂದು ಅವಳು ಹೇಳಿಕೊಂಡಿರಲಿಲ್ಲ. ಎರಡು ಸಲ ಅಣ್ಣನಿಗೆ ಫೋನು ಮಾಡಿದಳು. ಎರಡು ಸಲವೂ ಅತ್ತಿಗೆ, “ಸೈಟಿನಲ್ಲಿದ್ದಾರೆ” ಎಂದಳು.

ಮಂಗಳವಾರ ಬೆಳಿಗ್ಗೆ ಗಂಜಿಗೆ ಇಟ್ಟ ಅಕ್ಕಿಯನ್ನು ಅತ್ತೆಗೆ ಒಪ್ಪಿಸಿ, “ಹಲ್ಲು ನೋವು, ಡಾಕ್ಟರಲ್ಲಿಗೆ” ಎಂದು ಹೊರಟಳು. ಬಂಟ್ವಾಳದಿಂದ ಸಿದ್ದಕಟ್ಟೆಯ ದಾರಿಯಾಗಿ ಹೋಗುವ ಬಸ್ಸು ಹತ್ತಿದಳು. ಮೂಡುಬಿದಿರೆಯಲ್ಲಿ ಇಳಿದು ರಾಫಿಯಾಳ ಮನೆ ಕೇಳಿದರೆ ಹಣ್ಣಿನಂಗಡಿಯವನು, “ಆ ಎಕ್ಸರ್‌ಸೈಜಿನ ಟೀಚರಾ? ಬೆನ್ನುನೋವಾ ಅಕ್ಕ?” ಎಂದು ಓಣಿ ತೋರಿಸಿದ. ಹೆಂಚಿನ ಮನೆ. ಗೇಟಿಗೆ ಕಟ್ಟಿದ ಹಲಗೆಯಲ್ಲಿ ಬರೆದಿತ್ತು: ಚಲನ ಚಿಕಿತ್ಸೆ. ಹೆಂಗಸರ ತರಗತಿ ಶನಿವಾರ. ಖಾಸಗಿ ಅಭ್ಯಾಸಕ್ಕೆ ಮೊದಲೇ ತಿಳಿಸಿ.

ಖಾಸಗಿ ಎಂಬ ಅಕ್ಷರಗಳನ್ನು ಅವಳು ಎರಡು ಸಲ ಓದಿದಳು. ಚಪ್ಪಲಿ ಕಳಚದೆ ಒಳಗೆ ನುಗ್ಗಿದಳು.

ಬಾಗಿಲು ಮುಚ್ಚಿರಲಿಲ್ಲ. ನಡುಮನೆಯ ಕಿಟಕಿಯ ಬಳಿ ಒಬ್ಬ ಮುದುಕಿ ಕುರ್ಚಿಯಲ್ಲಿ ಕೂತು ಹರಿವೆಸೊಪ್ಪು ಬಿಡಿಸುತ್ತಿದ್ದಳು. ನೆಲದ ಮೇಲೆ ದಪ್ಪ ಚಾಪೆ. ಅದರ ಮೇಲೆ ಸುಧಾಕರ ಅಂಗಾತ ಮಲಗಿದ್ದ, ಕಣ್ಣು ಮುಚ್ಚಿ. ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದವಳು ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ, ಕನ್ನಡಕದ, ನಲವತ್ತೈದರ ಹೆಂಗಸು. ಅವನ ಬಲಗೈಯ ಮಣಿಕಟ್ಟು ಅವಳ ಅಂಗೈಯಲ್ಲಿತ್ತು.

“ನೀವು ಎತ್ತಬೇಡಿ. ನಾನು ಎತ್ತುತ್ತೇನೆ,” ಎನ್ನುತ್ತಿದ್ದಳು ಅವಳು. “ಎಷ್ಟು ಭಾರ ಉಂಟು ಅಂತ ಮಾತ್ರ ನೋಡಿ.”

“ನಾನೂ ನೋಡುವ ಅಂತ ಬಂದೆ,” ಎಂದಳು ಜಲಜಾಕ್ಷಿ.

ಸುಧಾಕರ ದಡಬಡಿಸಿ ಎದ್ದು ಕೂತ. ಕೂತವನ ಬಲಗೈ ತೊಡೆಯ ಮೇಲೆ ನಡುಗಲು ಶುರುವಾಯಿತು. ಹೆಬ್ಬೆರಳೂ ತೋರುಬೆರಳೂ ಕಾಣದ ಗುಳಿಗೆಯೊಂದನ್ನು ಹೊಸೆಯುವ ಹಾಗೆ ಒಂದೇ ಸಮ ಆಡುತ್ತಿದ್ದವು. ಅವನು ಅದನ್ನು ಕಿಸೆಗೆ ತುರುಕಲು ನೋಡಿದ. ಕೈ ಕಿಸೆಯ ಬಾಯಿಗೆ ಸಿಗಲಿಲ್ಲ.

ಜಲಜಾಕ್ಷಿ ಆ ಕೈಯನ್ನು ನೋಡಿಯೇ ನೋಡಿದಳು. ಪ್ಯಾಂಟು, ಕ್ಷೌರ, ಸ್ಕೂಟರು, ತಟ್ಟೆ, ಎಲ್ಲ ಅಲ್ಲೇ ಇತ್ತು.

“ಎಷ್ಟು ಸಮಯವಾಯ್ತು?”

“ಒಂದೂವರೆ ವರ್ಷ,” ಎಂದ ಅವನು ನೆಲ ನೋಡುತ್ತ. “ಮಂಗಳೂರಿನ ಡಾಕ್ಟರು ಹೇಳಿದ್ದು. ನರದ ಕಾಯಿಲೆಯಂತೆ. ಪಾರ್ಕಿನ್ಸನ್ ಅಂತ ಹೆಸರು. ಮಾತ್ರೆ ಉಂಟು. ಗುಣ ಆಗುವ ಜಾತಿಯಲ್ಲ.”

ರಾಫಿಯಾ ಎದ್ದು ನಿಂತಿದ್ದಳು. ಅವಳು ನೋಡಿದ್ದು ಜಲಜಾಕ್ಷಿಯನ್ನಲ್ಲ, ಸುಧಾಕರನನ್ನು. “ಮನೆಯಲ್ಲಿ ಹೇಳಿದ್ದೇನೆ ಅಂದಿದ್ರಿ ನೀವು. ಮೊದಲ ದಿನವೇ ಕೇಳಿದ್ದೆ ನಾನು.”

ಅಷ್ಟರಲ್ಲಿ ಓಣಿಯಲ್ಲಿ ಜೀಪು ನಿಂತ ಸದ್ದು.

ಜಲಜಾಕ್ಷಿ ಕಿಟಕಿಯಿಂದ ಬಗ್ಗಿ ನೋಡಿದಳು. ಜತ್ತಪ್ಪ ಇಳಿಯುತ್ತಿದ್ದ, ಹಿಂದೆ ಮೂವರು. ಅವಳಿಗೆ ಯೋಚಿಸಲು ಸಮಯವಿರಲಿಲ್ಲ. ಗಂಡನ ಕಡೆ ತಿರುಗಿ, “ಕೈ ಒಳಗಿಡಿ. ಆ ಕುರ್ಚಿಯಲ್ಲಿ ಕೂತುಕೊಳ್ಳಿ,” ಎಂದಳು. ರಾಫಿಯಾಳಿಗೆ, “ನನಗೆ ಸೊಂಟನೋವು. ತಿಳೀತಾ?” ಎಂದು ಚಾಪೆಯ ಮೇಲೆ ಮಲಗಿಬಿಟ್ಟಳು, ಚಪ್ಪಲಿ ಸಮೇತ. ರಾಫಿಯಾ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಬಗ್ಗಿ ಚಪ್ಪಲಿ ಕಳಚಿ ಬದಿಗಿಟ್ಟು ಪಕ್ಕದಲ್ಲಿ ಕೂತಳು.

ಜತ್ತಪ್ಪ ಬಾಗಿಲು ತುಂಬ ನಿಂತ. “ಭಾವಾ!” ಎಂದವನು ಚಾಪೆ ಕಂಡು ತಡೆದ. “ನೀನು ಇಲ್ಲಿ ಎಂತ ಮಾಡ್ತಿ?”

“ಸೊಂಟಕ್ಕೆ ತೋರಿಸ್ಲಿಕ್ಕೆ ಬಂದದ್ದು ಅಣ್ಣ. ಇವರೇ ಕರಕೊಂಡು ಬಂದ್ರು.”

“ಮತ್ತೆ ಮೊನ್ನೆ ಫೋನಿನಲ್ಲಿ...?”

“ನನ್ನದೇ ಹುಚ್ಚು. ನನಗೋಸ್ಕರ ಇವರು ಮೊದಲೇ ಬಂದು ವಿಚಾರಿಸಿದ್ದಂತೆ. ನಾನು ಏನೇನೋ ತಿಳಕೊಂಡೆ. ನಿನ್ನೆಯಿಂದ ಫೋನು ಮಾಡ್ತಾ ಇದ್ದೇನೆ, ನೀನು ಸಿಕ್ಕಿದರಲ್ಲವಾ?”

ಜತ್ತಪ್ಪನಿಗೆ ನಂಬಿಕೆಯಾಗಲಿಲ್ಲ. ಬಾಗಿಲ ದಾರಂದಕ್ಕೆ ಒರಗಿ ನಿಂತ. “ಆಗಲಿ. ಎಂತ ಮದ್ದು ಮಾಡ್ತಾರೆ, ನಾವೂ ನೋಡುವ.”

ಮುದುಕಿ ಸೊಪ್ಪು ಬದಿಗಿಟ್ಟು ಎದ್ದಳು. “ನಿಂತದ್ದು ಯಾಕೆ ಮಕ್ಕಳೇ? ಕೂತುಕೊಳ್ಳಿ. ಶರಬತ್ತು ಮಾಡ್ತೇನೆ.” ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ರಾಫಿಯಾ ಬಾಗಿಲ ಕಡೆ ತಿರುಗಲಿಲ್ಲ. ಸ್ವರವೂ ಏರಲಿಲ್ಲ. “ಕಣ್ಣು ಮುಚ್ಚಿ ಅಕ್ಕ. ಬೆನ್ನಿನ ಎಷ್ಟು ಭಾಗ ನೆಲಕ್ಕೆ ತಾಗಿದೆ ಅಂತ ನೋಡಿ. ಸರಿ ಮಾಡ್ಲಿಕ್ಕೆ ಹೋಗಬೇಡಿ. ನೋಡಿ ಅಷ್ಟೆ. ಎಡ ಹೆಗಲು ಎಲ್ಲುಂಟು? ಬಲ ಹೆಗಲು ಎಲ್ಲುಂಟು?”

ಎರಡೂ ಹೆಗಲು ನೆಲದಲ್ಲಿರಲಿಲ್ಲ. ಯಾರೋ ಹೊಡೆಯಲು ಬಂದವರಿಗೆ ಅಡ್ಡ ಹಿಡಿದ ಹಾಗೆ ಕಿವಿಯ ಹತ್ತಿರ ಏರಿ ಕೂತಿದ್ದವು. ಇದು ಯಾವಾಗಿಂದ ಹೀಗಿದೆಯೋ ಜಲಜಾಕ್ಷಿಗೆ ಗೊತ್ತಿರಲಿಲ್ಲ. ಮುಚ್ಚಿದ ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಜತ್ತಪ್ಪ ತಂಗಿ ಅಳುವುದನ್ನು ಕಂಡು, ನೋವು ನಿಜವೇ ಇರಬೇಕೆಂದುಕೊಂಡ. ಶರಬತ್ತು ಬರುವ ಮೊದಲೇ, “ಭಾವ, ಮುಂದಿನ ಸಲ ಇವಳನ್ನು ಮಂಗಳೂರಿಗೆ ಕರಕೊಂಡು ಹೋಗಿ. ಇಂಥಲ್ಲೆಲ್ಲ ಯಾಕೆ?” ಎಂದು ಜೀಪು ಹತ್ತಿದ.

ಜೀಪಿನ ಸದ್ದು ಅಡಗಿದ ಮೇಲೆ ರಾಫಿಯಾ ಗೋಡೆಗೆ ಒರಗಿ ಕೂತಳು. ಹನ್ನೆರಡು ವರ್ಷ ಬಹರೈನಿನ ಆಸ್ಪತ್ರೆಯಲ್ಲಿ ಗಂಡಸರಿಗೆ ಹೆಂಗಸರಿಗೆ ಎನ್ನದೆ ಕೈಕಾಲು ಆಡಿಸಿದವಳು ಅವಳು. ಅಲ್ಲೇ ಒಬ್ಬರು ವಿದೇಶಿ ಟೀಚರಿಂದ ಈ ವಿದ್ಯೆ ಕಲಿತದ್ದು. ಊರಿಗೆ ಬಂದ ಮೇಲೆ ಆ ಮುದುಕಿ, ತಾಯಿ ಬೀಫಾತಿಮಾ, ಕೋಣೆಯಲ್ಲಿ ಕೂರದೆ ಒಬ್ಬ ಗಂಡಸಿಗೂ ಮಾಡಿರಲಿಲ್ಲ.

“ನಾಳೆ ನನ್ನ ಬಾಗಿಲಿಗೆ ಕಲ್ಲು ಬಿದ್ದರೆ ಯಾರು ಬರ್ತಾರೆ ಸುಧಾಕರಣ್ಣ?” ಎಂದಳು. “ಇನ್ನು ನೀವೊಬ್ಬರೇ ಬಂದರೆ ನಾನು ಬಾಗಿಲು ತೆಗೆಯುದಿಲ್ಲ. ಅಕ್ಕನೂ ಬರಬೇಕು.”

“ನಾನು ಬರುದಿಲ್ಲ,” ಎಂದಳು ಜಲಜಾಕ್ಷಿ, ಚಪ್ಪಲಿ ಮೆಟ್ಟುತ್ತ.

ಮನೆಗೆ ಬಂದು ಮೂರು ದಿನ ಅವಳು ಗಂಡನೊಂದಿಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬಟ್ಟೆ ಒಣಗಿಸುವಲ್ಲಿ ಅವನೇ ಬಂದು ನಿಂತ.

“ಹೇಳಬೇಕಿತ್ತು. ತಪ್ಪಾಯ್ತು.”

“ತುಕ್ರಪ್ಪನಿಗೆ ಹೇಳಿದಿರಿ. ಆ ಹೆಂಗಸಿಗೆ ಹೇಳಿದಿರಿ. ಅವಳ ತಾಯಿಗೂ ಗೊತ್ತು. ನಾನು ಯಾರು ನಿಮಗೆ, ಬಂಗುಡೆ ತೊಳೆಯುವವಳಾ?”

“ತುಕ್ರಪ್ಪನಿಗೆ ಹೇಳಿದ್ದಲ್ಲ. ಚಹಾ ಕಲಸಿ ಹೋಗುವುದನ್ನು ಅವನೇ ನೋಡಿದ.”

“ಅವಳಿಗೆ?”

ಸುಧಾಕರ ಬಾಲ್ದಿಯಿಂದ ಒಂದು ಬಟ್ಟೆ ಎತ್ತಿ ಅವಳತ್ತ ಚಾಚಿದ. “ಅವಳು ನೋಡಿದರೆ ಕೈಯನ್ನು ನೋಡ್ತಾಳೆ ಜಲಜ. ನೀನು ನೋಡಿದರೆ ನನ್ನನ್ನು ನೋಡ್ತಿ. ನನಗೆ ಅದು ಆಗ್ಲಿಲ್ಲ.”

ಸಂಶಯಪಟ್ಟದ್ದು ಸುಳ್ಳಾಯಿತೆಂದು ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೆಂಡತಿಗೆ ಹೇಳಬೇಕಾದ್ದನ್ನು ಬೇರೊಬ್ಬಳಿಗೆ ಹೇಳಿದ್ದು ನಿಜವೇ ತಾನೇ? ಹಸಿ ಲಂಗವನ್ನು ಕೊಡವಿ ಹಗ್ಗಕ್ಕೆ ಹಾಕಿದಳು. “ರಾತ್ರಿ ಎಲ್ಲರ ಎದುರು ಕೂತು ಉಣ್ಣಬೇಕು. ಅಡಗಿಸಿ ಇಡ್ಲಿಕ್ಕೆ ಇದು ಕದ್ದ ಮಾಲು ಅಲ್ಲ.”

ಆ ರಾತ್ರಿ ಅವನ ಬೆರಳಿನಿಂದ ಅನ್ನ ಉದುರುವುದನ್ನು ಕಂಡು ನೀಲಾವತಿ ಬಾಯಿಗೆ ಸೆರಗು ಒತ್ತಿದರು. ಕಾಯಿಲೆಯ ಹೆಸರು ಅವರ ತಲೆಗೆ ಹೋಗಲಿಲ್ಲ. “ಇದು ಕೈವಿಷ. ಹೋಟೆಲಿನವನ ಹೊಟ್ಟೆಗೆ ಯಾರೋ ಹಾಕಿದ್ದಾರೆ. ಬೆಳ್ತಂಗಡಿಯಲ್ಲಿ ಕಕ್ಕಿಸುವವರು ಉಂಟು, ನಾಳೆಯೇ ಹೋಗುವ.”

“ಕಕ್ಕಿಸಿದರೆ ಮಾತ್ರೆಯೂ ಹೊರಗೆ ಬರ್ತದೆ ಅಜ್ಜಿ,” ಎಂದಳು ಸಾತ್ವಿಕಾ. ಅವಳ ಕಣ್ಣು ತುಂಬಿತ್ತು. “ಅಪ್ಪ, ಚಮಚ ತರ್ಲಾ?”

“ಬೇಡ.”

“ತಾ ಮಗ,” ಎಂದಳು ಜಲಜಾಕ್ಷಿ.

ಮಂಗಳವಾರ ಅವಳು ಹೋದಳು. ನಂಬಿ ಹೋದದ್ದಲ್ಲ, ಕಾವಲಿಗೆ ಹೋದದ್ದು. ಬೀಫಾತಿಮಾಳ ಪಕ್ಕದ ಕುರ್ಚಿಯಲ್ಲಿ ಪೊಲೀಸಿನವರ ಹಾಗೆ ಕೂತು ರಾಫಿಯಾಳ ಕೈ ಎಲ್ಲಿ ಹೋಗುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲ ನೋಡಿದಳು. ಅರ್ಧ ಗಂಟೆ ಒಂದು ಮಣಿಕಟ್ಟನ್ನು ಎತ್ತಿ ಇಳಿಸುವುದಕ್ಕೂ ಒಂದು ವಿದ್ಯೆಯೇ?

“ಗುಣ ಆಗ್ತದಾ ಇದರಲ್ಲಿ?” ಎಂದು ನೇರ ಕೇಳಿದಳು.

“ಇಲ್ಲ ಅಕ್ಕ.”

“ಮತ್ತೆ ಯಾಕೆ ಮಾಡುವುದು?”

“ಕಾಯಿಲೆ ಅದರಷ್ಟಕ್ಕೆ ನಡೀತದೆ. ಇವರು ಹೆದರಿ ಇಡೀ ಮೈಯನ್ನು ಕಟ್ಟಿ ಹಾಕಿದ್ದಾರೆ. ಆ ಕಟ್ಟು ಬಿಚ್ಚಿದರೆ ಇರುವ ಶಕ್ತಿಯಲ್ಲಿ ನಡೀಬಹುದು, ಉಣ್ಣಬಹುದು. ಮಾತ್ರೆ ಮಾತ್ರ ಬಿಡಬಾರದು.”

ಸುಳ್ಳು ಹೇಳುವವಳಾದರೆ ಗುಣವಾಗುತ್ತದೆ ಎನ್ನುತ್ತಿದ್ದಳು. ಜಲಜಾಕ್ಷಿಗೆ ಇದು ಬಸ್ಸಿನಲ್ಲಿ ಹಿಂದಿರುಗುವಾಗ ಹೊಳೆಯಿತು. ಹಾಗೆಂದು ಸಂಶಯ ಪೂರ್ತಿ ಹೋಗಲಿಲ್ಲ. ಚಾಪೆಯ ಮೇಲೆ ಅವನ ಕೈ ನಿಶ್ಚಲವಾಗುವಾಗ ಅವಳಿಗೆ ಈಗಲೂ ಸಂಕಟ. ಆ ಶಾಂತಿ ಇನ್ನೊಬ್ಬಳ ಅಂಗೈಯಲ್ಲಿ ಯಾಕೆ ಸಿಗಬೇಕು? ಒಂದು ದಿನ ರಾಫಿಯಾ, “ಬನ್ನಿ, ನೀವು ಹಿಡೀರಿ” ಎಂದು ಕರೆದಾಗ, “ನನಗೆ ಬೇಡ” ಎಂದು ಮುಖ ತಿರುಗಿಸಿದಳು. ಬೀಫಾತಿಮಾ ನಕ್ಕು ಅವಳ ಮಡಿಲಿಗೆ ಅರ್ಧ ಕಟ್ಟು ಹರಿವೆ ಹಾಕಿದಳು. “ಹಾಗಾದರೆ ಸೊಪ್ಪಾದರೂ ಬಿಡಿಸು.”

ಮಾರ್ಚು ಕಳೆಯಿತು. ಹೋಟೆಲಿನಲ್ಲಿ ಚಹಾ ಎರೆಯುವುದು ತುಕ್ರಪ್ಪನಿಗೇ ಖಾಯಂ ಆಯಿತು. ಸುಧಾಕರ ಗಲ್ಲಾದಲ್ಲಿ ಕೂತ. ಗುರುತಿನವರು ಕೈ ನೋಡಿ ಕೇಳಿದರೆ ಹೇಳಿದ, ಕೇಳದಿದ್ದರೆ ಬಿಟ್ಟ. ನೀಲಾವತಿ ಮಾತ್ರ ಸೊಸೆಯ ಮೇಲೆ ಕಣ್ಣಿಟ್ಟೇ ಇದ್ದರು. “ಇಬ್ಬರೂ ಪ್ರತಿ ವಾರ ಅಲ್ಲಿಗೆ ಹೋಗುವುದೆಂತ? ಈಗ ನಿನಗೂ ಏನೋ ತಿನ್ನಿಸಿದ್ದಾರೆ,” ಎನ್ನುತ್ತಿದ್ದರು. ಜಲಜಾಕ್ಷಿ ಸಿಟ್ಟು ಬಂದ ದಿನ ಉತ್ತರ ಕೊಡುತ್ತಿದ್ದಳು, ಇಲ್ಲದ ದಿನ ಇಲ್ಲ.

ಏಪ್ರಿಲಿನ ಒಂದು ಸೋಮವಾರ, ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತು, ಅವಳು ಹಿತ್ತಲಲ್ಲಿ ಹಪ್ಪಳ ತಿರುವಿ ಹಾಕುತ್ತಿದ್ದಳು. ಸುಧಾಕರ ಹೋಟೆಲಿನಿಂದ ಬೇಗ ಬಂದಿದ್ದ. ಸೀದಾ ಹಿತ್ತಲಿಗೇ ಬಂದ. ಮುಖ ಸರಿ ಇರಲಿಲ್ಲ.

“ಎಂತಾಯ್ತು?”

“ಎಡಗಾಲು,” ಎಂದ. “ಎರಡು ದಿನದಿಂದ. ಎತ್ತಿ ಇಡುವ ಅಂದರೆ ನೆಲಕ್ಕೆ ಅಂಟಿದ ಹಾಗೆ. ಇವತ್ತು ಬಸ್ಸಿನಿಂದ ಇಳಿಯುವಾಗ ಬೀಳಲಿಕ್ಕಿತ್ತು.”

ಹಪ್ಪಳ ಹಿಡಿದ ಕೈ ಹಾಗೇ ನಿಂತಿತು. ಕಾಯಿಲೆ ಅದರಷ್ಟಕ್ಕೆ ನಡೆಯುತ್ತದೆ ಎಂದು ರಾಫಿಯಾ ಹೇಳಿದ್ದಳು. ಅದು ಇಷ್ಟು ಬೇಗ ಕಾಲಿಗೆ ಇಳಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ.

“ರಾಫಿಯಾ ಟೀಚರಿಗೆ ಫೋನು ಮಾಡಿದಿರಾ?”

“ಇಲ್ಲ.”

“ಡಾಕ್ಟರಿಗೆ?”

“ಇಲ್ಲ. ಯಾರಿಗೂ ಹೇಳಲಿಲ್ಲ. ನಿನಗೇ ಮೊದಲು.”

ಜಲಜಾಕ್ಷಿ ಸೆರಗಿಗೆ ಕೈ ಒರೆಸಿಕೊಂಡಳು. ಹೆದರಿಕೆಯಾಯಿತು. ಅದರ ಜೊತೆಗೇ, ನಾಚಿಕೆಯಾಗುವಷ್ಟು ಸಣ್ಣದೊಂದು ಖುಷಿಯೂ ಎದ್ದು ಬಂತು. ಅದನ್ನು ಅವನಿಗೆ ಕಾಣಗೊಡದೆ, ಹಪ್ಪಳದ ಚಾಪೆಯ ಬದಿಯಿಂದ ಎರಡು ಹೆಜ್ಜೆ ಸರಿದು ದಾರಿ ಬಿಟ್ಟು ನಿಂತಳು.

“ಎಲ್ಲಿ,” ಎಂದಳು, “ಆ ಒಗೆಯುವ ಕಲ್ಲಿನವರೆಗೆ ನಡೀರಿ, ನಾನು ನೋಡುವ.”

ಅವನು ನಡೆದ. ಅವಳು ಅವನ ಮುಖ ನೋಡಲಿಲ್ಲ. ಕಾಲನ್ನೇ ನೋಡಿದಳು.